ವಲಸೆ ಬಂದವರ ಫೈಲು ಪೊಲೀಸರ ಟೇಬಲ್ಲಿಗೇ ಯಾಕೆ ಹೋಗುತ್ತೆ?

ಮೇಲ್ಮನೆ_ಹೆಬ್ಬಾಳ (ಮೈಸೂರು)

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತುಂಬಾ ದಿನದಿಂದ ಕೊರೆಯುತ್ತಿದೆ. ಮೈಸೂರು, ಮಂಡ್ಯದವರು ಇಲ್ಲಿ ಜಾಸ್ತಿ ಇದ್ದೀರಿ, ಮಾತಾಡೋಣ.

ಹೊಟ್ಟೆಪಾಡಿಗೆ ಊರು ಬಿಟ್ಟು ಊರಿಗೆ ಹೋಗುವುದು ಹೊಸದೇನಲ್ಲ. ಆದರೆ ಹಾಗೆ ಬಂದವರ ವಿಷಯ ಯಾವ ಇಲಾಖೆಗೆ ಸೇರಿದ್ದು ಅನ್ನುವುದನ್ನು ಸರ್ಕಾರಗಳು ಕಾಲಕಾಲಕ್ಕೆ ಬದಲಾಯಿಸಿವೆ. ಅಮೆರಿಕವನ್ನೇ ನೋಡಿ. 1891ರಲ್ಲಿ ಅಲ್ಲಿ ವಲಸೆ ಕಚೇರಿ ಶುರುವಾದಾಗ ಅದು ಖಜಾನೆ ಇಲಾಖೆಯ ಕೆಳಗಿತ್ತು. 1913ರಿಂದ ಕಾರ್ಮಿಕ ಇಲಾಖೆಗೆ ಬಂತು. 1940ರಲ್ಲಿ ಯುರೋಪಿನಲ್ಲಿ ಯುದ್ಧ ನಡೆಯುತ್ತಿದ್ದಾಗ ನ್ಯಾಯ ಇಲಾಖೆಗೆ ಹೋಯಿತು. 2001ರ ಸೆಪ್ಟೆಂಬರ್ 11ರ ದಾಳಿ ಆದಮೇಲೆ ಹೋಮ್‌ಲ್ಯಾಂಡ್ ಸೆಕ್ಯುರಿಟಿ, ಅಂದರೆ ಒಳನಾಡಿನ ಭದ್ರತೆ ಅಂತ ಹೊಸ ಇಲಾಖೆಯೇ ಹುಟ್ಟಿತು. 2003ರ ಮಾರ್ಚ್‌ನಲ್ಲಿ ವಲಸೆಯ ಹೆಚ್ಚಿನ ಕೆಲಸ ಅಲ್ಲಿಗೆ ವರ್ಗವಾಯಿತು. ಕೂಲಿ ಏನು, ಮನೆ ಎಲ್ಲಿ ಅಂತ ಕೇಳಬೇಕಾದ ಜಾಗದಲ್ಲಿ ನಿನ್ನಿಂದ ನಮಗೇನು ಅಪಾಯ ಅನ್ನುವ ಪ್ರಶ್ನೆ ಬಂದು ಕೂತಿತು.

ನಮ್ಮ ದೇಶದಲ್ಲೂ ಹೀಗೇ ಆಗಿದೆ. ದೇಶ ಭಾಗವಾದಾಗ, 1947ರ ಸೆಪ್ಟೆಂಬರ್‌ನಲ್ಲಿ, ನಿರಾಶ್ರಿತರ ಪರಿಹಾರ ಮತ್ತು ಪುನರ್ವಸತಿಗೆ ಅಂತಲೇ ಕೇಂದ್ರದಲ್ಲಿ ಬೇರೆ ಸಚಿವಾಲಯ ಇತ್ತು. ಇವತ್ತು ಅದು ಗೃಹ ಸಚಿವಾಲಯದ ಒಳಗಿನ ಒಂದು ವಿಭಾಗ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಲಸೆಯನ್ನು ಭದ್ರತೆಯ ವಿಷಯ ಮಾಡಿದ ಕೂಡಲೇ ಕೂಲಿ, ಬಾಡಿಗೆ, ರೇಷನ್, ಮಕ್ಕಳ ಶಾಲೆ ಎಲ್ಲ ಹಿಂದೆ ಸರಿಯುತ್ತವೆ. ಬಂದವನು ತಾನು ಅಪಾಯ ಅಲ್ಲ ಅಂತ ಸಾಬೀತು ಮಾಡುತ್ತಾ ನಿಲ್ಲಬೇಕು. ಭದ್ರತೆಯೂ ಹೆಚ್ಚುವುದಿಲ್ಲ.

ಈಗ ಯಾಕೆ ಕೇಳುತ್ತಿದ್ದೇನೆ ಅಂದರೆ, ನಮ್ಮ ಮೇಲ್ಮನೆಯಲ್ಲಿ, ಅಂದರೆ ಮೇಲಿನ ಮಹಡಿಯಲ್ಲಿ, ಪಶ್ಚಿಮ ಬಂಗಾಳದ ಮಾಲ್ಡಾ ಕಡೆಯ ಹುಡುಗರು ಬಾಡಿಗೆಗಿದ್ದಾರೆ. ಕೂರ್ಗಳ್ಳಿ ಕಡೆ ಟೈಲ್ಸ್ ಹಾಕುವ ಕೆಲಸ. ಬಾಡಿಗೆ ತಪ್ಪಿಸಿಲ್ಲ. ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಟ್ಟಿದ್ದೇನೆ. ಆದರೂ ಬೀದಿಯ ವಾಟ್ಸಾಪ್ ಗುಂಪಿನಲ್ಲಿ "ದೇಶದ ಭದ್ರತೆ ದೃಷ್ಟಿಯಿಂದ ಖಾಲಿ ಮಾಡಿಸಿ" ಅಂತ ಬರುತ್ತಲೇ ಇದೆ. ನಿಮಗೆಲ್ಲ ಏನನ್ನಿಸುತ್ತೆ?

ಆಲೆಮನೆ_ಪಾಂಡವಪುರ (ಮಂಡ್ಯ)

ಅಕ್ಕಾ, ನಾನು ಓದಿದ್ದು ಕಡಿಮೆ. ಆದರೆ ಈ ವಿಷಯ ನಮ್ಮ ಬಾಗಿಲಿಗೇ ಬಂದಿದೆ.

ನಮ್ಮದೊಂದು ಆಲೆಮನೆ ಇದೆ. ಗಾಣಕ್ಕೆ ಕಬ್ಬು ಕೊಡುವುದು, ಒಲೆಗೆ ಒಣಗಿದ ಸಿಪ್ಪೆ ತಳ್ಳುವುದು, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆ ಬಂದ ಕೊಳೆ ತೆಗೆಯುವುದು, ಪಾಕ ಹದಕ್ಕೆ ಬಂದ ತಕ್ಷಣ ಇಳಿಸಿ ಅಚ್ಚಿಗೆ ಹಾಕುವುದು. ಮೊದಲು ಇದನ್ನೆಲ್ಲ ಊರವರೇ ಮಾಡುತ್ತಿದ್ದರು. ಈಗ ನಮ್ಮ ಹುಡುಗರು ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಒಲೆ ಮುಂದೆ ನಿಲ್ಲುವವರು ಉತ್ತರ ಪ್ರದೇಶ, ಬಿಹಾರದವರು. ಅವರಿಗೆ ಗಾಣದ ಕೆಲಸ ಅವರ ಊರಲ್ಲೇ ಗೊತ್ತಿರುತ್ತೆ.

ಒಂದು ರಾತ್ರಿ ಯಾರದೋ ಮೊಬೈಲಿಗೆ ವಿಡಿಯೋ ಬಂತು. ಎಲ್ಲೋ ಹಿಂದಿಯವರನ್ನೆಲ್ಲ ಲೈನಾಗಿ ಕೂರಿಸಿ ಕಾಗದ ಕೇಳುತ್ತಿದ್ದಾರೆ. ಅದು ನಮ್ಮ ಜಿಲ್ಲೆಯದೂ ಅಲ್ಲ. ಆದರೆ ಇವರ ಎದೆ ಒಡೆದುಹೋಯಿತು. ಮೇಸ್ತ್ರಿ ಬೆಳಗ್ಗೆ ಬಂದು ನೋಡಿದರೆ ಶೆಡ್ಡು ಖಾಲಿ. ಕೊಪ್ಪರಿಗೆಯಲ್ಲಿದ್ದ ಪಾಕ ತಳ ಹಿಡಿದು ಕಲ್ಲಾಗಿತ್ತು. ಕಡಿದು ತಂದ ಕಬ್ಬು ಬಿಸಿಲಿಗೆ ಒಣಗುತ್ತಿತ್ತು. ಕಬ್ಬು ಕಡಿದ ಮೇಲೆ ಕಾಯುವುದಿಲ್ಲ, ಹಾಲೂ ಕಮ್ಮಿಯಾಗುತ್ತೆ, ಬೆಲ್ಲದ ಬಣ್ಣವೂ ಕೆಡುತ್ತೆ. ಆ ನಷ್ಟ ನನ್ನೊಬ್ಬನದಲ್ಲ, ಕಬ್ಬು ಕೊಟ್ಟ ರೈತನದೂ ಹೌದು.

ಅವರ ಬಾಕಿ ಕೂಲಿ ನನ್ನ ಹತ್ತಿರವೇ ಇತ್ತು. ಅದನ್ನೂ ಕೇಳದೆ ಹೋದರು ಅಂದರೆ ಎಷ್ಟು ಹೆದರಿರಬೇಕು ಹೇಳಿ. ಎಲ್ಲರೂ ಈ ದೇಶದವರೇ.

ನನ್ನ ಪ್ರಶ್ನೆ ಒಂದೇ. ಇವರ ಹೆಸರು, ಊರು, ಕೂಲಿ ಬರೆದಿಡಬೇಕಾದ ಕಚೇರಿ ಯಾವುದು? ಠಾಣೆ ಬಿಟ್ಟು ಬೇರೆ ಯಾರೂ ನಮ್ಮನ್ನು ಇದುವರೆಗೆ ಏನೂ ಕೇಳಿಲ್ಲ.

ಗಡಿಯಲ್ಲಿದ್ದವನು (ವಿಜಯನಗರ, ಮೈಸೂರು)

ನಾನು ಬಿಎಸ್‌ಎಫ್‌ನಲ್ಲಿದ್ದು ನಿವೃತ್ತನಾದವನು. ಉತ್ತರ ಬಂಗಾಳದಲ್ಲಿ ಕೆಲಸ ಮಾಡಿದ್ದೇನೆ. ಈ ಚರ್ಚೆಯಲ್ಲಿ ಇನ್ನೊಂದು ಕಡೆಯೂ ಬರಲಿ ಅಂತ ಬರೆಯುತ್ತಿದ್ದೇನೆ.

ಬಾಂಗ್ಲಾದೇಶದ ಜೊತೆ ನಮ್ಮ ಗಡಿ 4,096 ಕಿಲೋಮೀಟರ್. ನಕ್ಷೆಯಲ್ಲಿ ಗೆರೆ ಎಳೆದ ಹಾಗೆ ನೆಲದ ಮೇಲೆ ಇರುವುದಿಲ್ಲ. ನದಿ ಒಂದು ಮಳೆಗಾಲದಲ್ಲಿ ಪಾತ್ರ ಬದಲಿಸುತ್ತೆ, ಬೇಲಿ ಹಾಕಿದ ಕಂಬವೇ ಕೊಚ್ಚಿಹೋಗುತ್ತೆ. ಕೆಲವು ಕಡೆ ಬೇಲಿಗೂ ಗಡಿಗೂ ನಡುವೆ ನಮ್ಮವರದೇ ಹೊಲ ಇರುತ್ತೆ. ಬೆಳಗ್ಗೆ ಗೇಟು ತೆಗೆದು ರೈತರನ್ನು ಒಳಗೆ ಬಿಟ್ಟು ಸಂಜೆ ಎಣಿಸಿ ವಾಪಸ್ ಕರೆದುಕೊಳ್ಳಬೇಕು. ದನ ಸಾಗಣೆ, ಅಮಲಿಗೆ ಕುಡಿಯುವ ಕೆಮ್ಮಿನ ಔಷಧಿಯ ಬಾಟಲಿ, ಖೋಟಾ ನೋಟು ಎಲ್ಲ ಅಲ್ಲಿ ನಡೆಯುತ್ತೆ. ಕೆಲಸ ಕೊಡಿಸುತ್ತೇವೆ ಅಂತ ಹೆಣ್ಣುಮಕ್ಕಳನ್ನು ದಾಟಿಸುವವರೂ ಇದ್ದಾರೆ. ಇದು ಯಾರೋ ಚುನಾವಣೆಗೆ ಕಟ್ಟಿದ ಕಥೆ ಅಲ್ಲ, ಹುಡುಗರು ರಾತ್ರಿಯೆಲ್ಲ ಕೆಸರಲ್ಲಿ ನಿಂತು ತಡೆಯುವ ಕೆಲಸ.

ಯಾರು ಒಳಗಿದ್ದಾರೆ ಅಂತ ಒಂದು ದೇಶಕ್ಕೆ ಗೊತ್ತಿರಬೇಕು, ಅಲ್ವಾ? ಕಾಗದ ಕೇಳಿದ್ದಕ್ಕೇ ಅನ್ಯಾಯ ಅಂದರೆ ಒಪ್ಪುವುದು ಕಷ್ಟ.

ಮೇಲ್ಮನೆ_ಹೆಬ್ಬಾಳ

ಸರ್, ನಿಮ್ಮ ಮಾತಿಗೆ ನನ್ನ ವಿರೋಧ ಇಲ್ಲ. ಗಡಿ ಕಾಯುವುದು ಬೇರೆ, ಊರೊಳಗೆ ಗಾರೆ ಕೆಲಸ ಮಾಡುವವರನ್ನೆಲ್ಲ ಗಡಿಯ ಕಣ್ಣಿಂದ ನೋಡುವುದು ಬೇರೆ ಅನ್ನುವುದಷ್ಟೇ ನನ್ನ ವಾದ.

ಕೋಪನ್‌ಹೇಗನ್‌ನಲ್ಲಿ ಬ್ಯಾರಿ ಬುಜಾನ್, ಓಲೆ ವೇವರ್ ಮುಂತಾದ ವಿದ್ವಾಂಸರು 1990ರ ದಶಕದಲ್ಲಿ ಈ ಬಗ್ಗೆ ಬರೆದಿದ್ದಾರೆ. ಅಧಿಕಾರದಲ್ಲಿ ಇರುವವರು ಒಂದು ವಿಷಯದಿಂದ ನಮ್ಮ ಉಳಿವಿಗೇ ಕುತ್ತು ಅಂತ ಹೇಳುತ್ತಾರೆ. ಜನ ಅದನ್ನು ಒಪ್ಪಿದರೆ, ಮಾಮೂಲಿ ದಿನದಲ್ಲಿ ಒಪ್ಪದ ಕ್ರಮವನ್ನೂ ಒಪ್ಪಿಕೊಳ್ಳುತ್ತಾರೆ. ವಿಚಾರಣೆ ಇಲ್ಲದೆ ಕೂಡಿಹಾಕುವುದು, ರಾತ್ರೋರಾತ್ರಿ ಒಕ್ಕಲೆಬ್ಬಿಸುವುದು ಇಂಥವನ್ನು. ಅಪಾಯ ನಿಜವೋ ಸುಳ್ಳೋ ಅನ್ನುವುದಕ್ಕಿಂತ, ಅಪಾಯ ಅಂತ ಹೇಳಿದ್ದರಿಂದ ಏನೇನು ಮಾಡಲು ದಾರಿಯಾಯಿತು ಅಂತ ನೋಡಿ ಅನ್ನುವುದು ಅವರ ಮಾತು.

ಅಸ್ಸಾಂನ ಎನ್‌ಆರ್‌ಸಿ, ಅಂದರೆ ಪೌರರ ನೋಂದಣಿ ಪಟ್ಟಿ ನೋಡಿ. ಸುಮಾರು 3.3 ಕೋಟಿ ಜನ ಅರ್ಜಿ ಹಾಕಿದರು. 2019ರ ಆಗಸ್ಟ್ 31ರಂದು ಪಟ್ಟಿ ಬಂದಾಗ 19,06,657 ಜನರ ಹೆಸರು ಅದರಲ್ಲಿ ಇರಲಿಲ್ಲ. ಗಂಡನ ಹೆಸರಿದೆ, ಹೆಂಡತಿಯದಿಲ್ಲ. ಮಗಳ ಹೆಸರಿದೆ, ಅಮ್ಮನದಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಅಲ್ಲಿ ಒಬ್ಬ ನಿವೃತ್ತ ಸೇನಾಧಿಕಾರಿಯನ್ನು ವಿದೇಶಿ ಅಂತ ಘೋಷಿಸಿ ಬಂಧನ ಕೇಂದ್ರಕ್ಕೆ ಕಳಿಸಿದರು. ಮೂವತ್ತು ವರ್ಷ ಸೇನೆಯಲ್ಲಿದ್ದವರು. ಹೈಕೋರ್ಟ್ ಜಾಮೀನು ಕೊಟ್ಟ ಮೇಲೆ ಹೊರಗೆ ಬಂದರು. ನಿಮ್ಮ ಥರ ಸೇವೆ ಮಾಡಿದವರಿಗೇ ಹೀಗಾದರೆ, ಪ್ರವಾಹದಲ್ಲಿ ಮನೆ ಜೊತೆ ಕಾಗದವೂ ಕೊಚ್ಚಿಹೋದ ಕೂಲಿಯವರ ಗತಿ ಏನು ಸರ್?

ವಕೀಲೆ_ಸರಸ್ವತಿಪುರಂ (ಮೈಸೂರು)

ಕಾನೂನಿನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ, ಇಲ್ಲಿ ತುಂಬಾ ಜನಕ್ಕೆ ಗೊಂದಲ ಇದೆ.

ನಮ್ಮಲ್ಲಿ ಯಾರ ಮೇಲಾದರೂ ಅಪರಾಧ ಹೊರಿಸಿದರೆ ಅದನ್ನು ಸಾಬೀತು ಮಾಡಬೇಕಾದ್ದು ಸರ್ಕಾರ. ಆದರೆ 1946ರ ವಿದೇಶಿಯರ ಕಾಯ್ದೆಯ 9ನೇ ಸೆಕ್ಷನ್ ಇದನ್ನು ತಿರುಗಿಸಿತ್ತು. ನೀನು ವಿದೇಶಿ ಅಂತ ಸಂಶಯ ಬಂದರೆ, ಅಲ್ಲ ಅಂತ ತೋರಿಸಬೇಕಾದ್ದು ನೀನೇ. ಬ್ರಿಟಿಷರು ಇನ್ನೂ ಹೋಗದಿದ್ದ ಕಾಲದ ಕಾನೂನು ಅದು. 2025ರಲ್ಲಿ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದು 1920, 1939, 1946ರ ಹಳೇ ಕಾಯ್ದೆಗಳು ರದ್ದಾದವು. ಸಾಬೀತಿನ ಹೊರೆ ಮಾತ್ರ ಹಾಗೇ ಉಳಿಯಿತು.

ಅಸ್ಸಾಂಗೆ ಅಂತ 1983ರಲ್ಲಿ ಬೇರೆ ಕಾನೂನು ಮಾಡಿದ್ದರು, ಅದರಲ್ಲಿ ಈ ಹೊರೆ ದೂರು ಕೊಟ್ಟವರ ಮೇಲಿತ್ತು. 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸರ್ಬಾನಂದ ಸೋನೊವಾಲ್ ಅವರು ಹಾಕಿದ್ದ ಅರ್ಜಿ. ತೀರ್ಪಿನಲ್ಲಿ ಕೋರ್ಟು ಸಂವಿಧಾನದ 355ನೇ ವಿಧಿಯನ್ನು ಎತ್ತಿಕೊಂಡಿತು. ಹೊರಗಿನ ಆಕ್ರಮಣದಿಂದ ರಾಜ್ಯಗಳನ್ನು ಕಾಪಾಡುವುದು ಕೇಂದ್ರದ ಹೊಣೆ ಅನ್ನುವ ವಿಧಿ ಅದು. ಸೈನ್ಯ ನುಗ್ಗಿ ಬಂದಾಗ ಬಳಸುವ ವಿಧಿಯನ್ನು ಜನ ಗಡಿ ದಾಟಿ ಬರುವುದಕ್ಕೂ ಅನ್ವಯಿಸಿದರು. ಆ ಮೇಲಿನ ವಾದಗಳಲ್ಲೆಲ್ಲ ಇದರ ನೆರಳು ಇದೆ. 2017ರಲ್ಲಿ ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾಗಳ ವಿಷಯದಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲೂ ಮುಖ್ಯ ಕಾರಣ ರಾಷ್ಟ್ರೀಯ ಭದ್ರತೆಯೇ. ನಾವು 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆ ಅಂತ ನಮ್ಮಲ್ಲಿ ಪ್ರತ್ಯೇಕ ಕಾನೂನೂ ಇಲ್ಲ. ಹಾಗಾಗಿ ಜೀವ ಉಳಿಸಿಕೊಳ್ಳಲು ಓಡಿಬಂದವನೂ, ವೀಸಾ ಮುಗಿದರೂ ಉಳಿದುಕೊಂಡ ಪ್ರವಾಸಿಯೂ ಕಾನೂನಿನ ಕಣ್ಣಿಗೆ ಹೆಚ್ಚುಕಡಿಮೆ ಒಂದೇ.

ಇನ್ನೊಂದು ವಿಷಯ. ನಮ್ಮ ರಾಜ್ಯದ ವಿದೇಶಿಯರ ಬಂಧನ ಕೇಂದ್ರ ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿದೆ. ಆ ಕಟ್ಟಡ ಮೊದಲು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ನಿಲಯವಾಗಿತ್ತು. ಮಕ್ಕಳು ಓದಿಕೊಂಡಿದ್ದ ಕೋಣೆಗಳ ಸುತ್ತ ಈಗ ಎತ್ತರದ ಗೋಡೆ, ಮೇಲೆ ತಂತಿ. ಮೇಲ್ಮನೆ ಮೇಡಂ ಕೇಳಿದ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಕನ್ನಡ_ಮೊದಲು_ಮಂಡ್ಯ

2022ರ ನವೆಂಬರ್ ಮರೆತುಬಿಟ್ರಾ? ಮಂಗಳೂರಿನ ಕುಕ್ಕರ್ ಸ್ಫೋಟದ ಆರೋಪಿ ಇದ್ದಿದ್ದು ಮೈಸೂರಿನ ಲೋಕನಾಯಕನಗರದ ಬಾಡಿಗೆ ರೂಮಿನಲ್ಲಿ. ಬೇರೆಯವರ ಆಧಾರ್ ಇಟ್ಟುಕೊಂಡು.

ಕೆಆರ್‌ಪೇಟೆ_ಹುಡುಗ (ಈಗ ಬೆಂಗಳೂರು)

ಮರೆತಿಲ್ಲ ಗುರು. ಅವನು ತೀರ್ಥಹಳ್ಳಿಯವನು. ಕನ್ನಡ ಮಾತಾಡುವವನು. ಗಡಿ ದಾಟಿ ಬಂದವನಲ್ಲ.

ಗಡಿಯಲ್ಲಿದ್ದವನು

ಅದು ಸರಿ. ಆದರೆ ಬಾಡಿಗೆಗೆ ಕೊಡುವಾಗ ಕಾಗದ ನೋಡಬೇಕು ಅನ್ನುವುದಕ್ಕೆ ಅದೇ ಕಾರಣ. ಎಲ್ಲಿಯವನೇ ಆಗಿರಲಿ, ಎಲ್ಲರದ್ದೂ ನೋಡಬೇಕು.

ಪಿರಿಯಾಪಟ್ಟಣ_ಮೇಷ್ಟ್ರು

ಇಷ್ಟು ಹೊತ್ತು ಓದಿದೆ, ನಮ್ಮ ತಾಲ್ಲೂಕಿನ ಹೆಸರು ಯಾರೂ ಎತ್ತಲಿಲ್ಲವಲ್ಲ! ಬೈಲಕುಪ್ಪೆ ಇರುವುದು ಮೈಸೂರು ಜಿಲ್ಲೆಯಲ್ಲೇ ಅಲ್ವಾ?

1959ರಲ್ಲಿ ಟಿಬೆಟ್‌ನಿಂದ ಜನ ಓಡಿಬಂದರು. ಆಗಿನ ಮೈಸೂರು ರಾಜ್ಯ ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂತು. ಅದು ಆಗ ಬರೀ ಕಾಡು. ಬಂದವರು ಹಿಮದ ನಾಡಿನವರು, ನಮ್ಮ ಸೆಕೆ ತಡೆಯಲಾರದೆ ಒದ್ದಾಡಿದರು. ಮರ ಕಡಿದು, ಬೇರು ಕಿತ್ತು ನೆಲ ಹದ ಮಾಡಿದರು. ಆನೆ ಬಂದರೆ ತಮಟೆ ಬಡಿದು ಓಡಿಸುವುದನ್ನು ಸುತ್ತಲಿನ ಊರವರಿಂದ ಕಲಿತರು ಅಂತ ನಮ್ಮ ತಂದೆ ಹೇಳುತ್ತಿದ್ದರು. ಜೋಳ ಬಿತ್ತಿದರು. ಸಹಕಾರ ಸಂಘ ಕಟ್ಟಿದರು. ಈಗಲೂ ಮುಸುಕಿನ ಜೋಳದ ಕಾಲದಲ್ಲಿ ನಮ್ಮ ಸುತ್ತಲ ಹಳ್ಳಿಯವರು ಅವರ ಹೊಲದಲ್ಲಿ ಕೂಲಿ ಮಾಡುತ್ತಾರೆ, ಅವರ ಜಮೀನನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಹಾಕಿಕೊಳ್ಳುತ್ತಾರೆ. ನಮ್ದ್ರೋಲಿಂಗ್ ಮಠ ನೋಡಲು ರಜೆ ದಿನ ಮಂಡ್ಯ, ಬೆಂಗಳೂರಿಂದ ಬಸ್ಸು ತುಂಬಿ ಬರುತ್ತೆ. ಮುಂಡಗೋಡು, ಹುಣಸೂರು ಹತ್ತಿರದ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ, ಅಲ್ಲೆಲ್ಲ ಇಂಥ ಶಿಬಿರಗಳಾದವು.

ಇವರೂ ಕಾನೂನಿನ ಪ್ರಕಾರ ವಿದೇಶಿಯರೇ. ಹೆಚ್ಚಿನವರ ಹತ್ತಿರ ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪುಸ್ತಕ ಇರುತ್ತೆ, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಹೊರದೇಶದ ಪ್ರವಾಸಿ ಈ ಶಿಬಿರಕ್ಕೆ ಬರಬೇಕಾದರೆ ವಿಶೇಷ ಪರವಾನಗಿ ಬೇಕು. ಅಂದರೆ ಭದ್ರತೆಯ ಲೆಕ್ಕ ಇಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಆದರೆ ಅದರ ಜೊತೆಗೆ ಜಮೀನು ಇತ್ತು, ಶಾಲೆ ಇತ್ತು, ಆಸ್ಪತ್ರೆ ಇತ್ತು. ಬರೀ ಪುಸ್ತಕ ಕೊಟ್ಟು ಸುಮ್ಮನಾಗಲಿಲ್ಲ, ಬದುಕುವ ದಾರಿಯನ್ನೂ ಮಾಡಿಕೊಟ್ಟರು. ಅರವತ್ತು ವರ್ಷ ದಾಟಿತು. ನಮ್ಮೂರಿನ ಯಾರಿಗೂ ಇವರನ್ನು ಕಂಡರೆ ಭಯ ಇಲ್ಲ.

ಇದೇ ರಾಜ್ಯದಲ್ಲಿ ಇನ್ನೂ ಇವೆ. ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ ಬಂದವರಿಗೆ ಸಿಂಧನೂರಿನಲ್ಲಿ ಪುನರ್ವಸತಿಯ ಆರ್‌ಎಚ್ ಕ್ಯಾಂಪ್‌ಗಳಾದವು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ತಮಿಳರಿಗೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಇದೆಲ್ಲ ಮಾಡಿದ್ದೂ ಸರ್ಕಾರಗಳೇ. ಆಗ ದೇಶ ಈಗಿನಷ್ಟು ಸ್ಥಿತಿವಂತವೂ ಆಗಿರಲಿಲ್ಲ.

ಗಡಿಯಲ್ಲಿದ್ದವನು

ಮೇಷ್ಟ್ರೇ, ಟಿಬೆಟಿನವರು ಸರ್ಕಾರದ ಒಪ್ಪಿಗೆ ಪಡೆದು ಬಂದವರು. ಕದ್ದು ಬಂದವರಲ್ಲ. ಚೀನಾ ಜೊತೆಗಿನ ರಾಜಕೀಯವೂ ಅದರಲ್ಲಿ ಸೇರಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಪಿರಿಯಾಪಟ್ಟಣ_ಮೇಷ್ಟ್ರು

ನಿಜ ಸರ್, ರಾಜಕೀಯ ಸೇರಿತ್ತು. ನಾನು ಹೇಳುವುದೂ ಅದನ್ನೇ. ಸರ್ಕಾರ ಯಾರನ್ನು ಅತಿಥಿ ಅನ್ನುತ್ತೆ, ಯಾರನ್ನು ಅಪಾಯ ಅನ್ನುತ್ತೆ ಅನ್ನುವುದು ಬಂದವನ ಕೈಯಲ್ಲಿಲ್ಲ. 1962ರ ಚೀನಾ ಯುದ್ಧದಲ್ಲಿ ಕಲ್ಕತ್ತಾ, ಡಾರ್ಜಿಲಿಂಗ್, ಅಸ್ಸಾಂ ಕಡೆ ತಲೆಮಾರಿನಿಂದ ಇದ್ದ ಚೀನೀ ಮೂಲದವರನ್ನು ಹಿಡಿದು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಿದರು. ಸುಮಾರು 3,000 ಜನ. ಹೋಟೆಲ್ ನಡೆಸುವವರು, ಚಪ್ಪಲಿ ಹೊಲಿಯುವವರು, ಬಡಗಿಗಳು, ಹಸುಗೂಸುಗಳು. ಕೆಲವರು ಅಲ್ಲೇ ವರ್ಷಗಟ್ಟಲೆ ಇದ್ದರು. ವಾಪಸ್ ಬರುವಷ್ಟರಲ್ಲಿ ಅಂಗಡಿ, ಮನೆ ಹರಾಜಾಗಿತ್ತು. ಬೈಲಕುಪ್ಪೆಯಲ್ಲಿ ಕಾಡು ಕಡಿದು ಬದುಕು ಕಟ್ಟಿಸುತ್ತಿದ್ದ ಸಮಯವೂ ಅದೇ, ದೇವಳಿಯಲ್ಲಿ ಕೂಡಿಹಾಕಿದ ಸಮಯವೂ ಅದೇ. ಕೇಂದ್ರದಲ್ಲಿದ್ದ ಸರ್ಕಾರವೂ ಅದೇ.

ಗಂಗೋತ್ರಿ_ಹಳೇವಿದ್ಯಾರ್ಥಿ

2012ರ ಆಗಸ್ಟ್ ಇಲ್ಲಿ ಯಾರಿಗಾದರೂ ನೆನಪಿದೆಯಾ? ನಾನಾಗ ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದೆ.

ಅಸ್ಸಾಂನ ಕೊಕ್ರಝಾರ್‌ನಲ್ಲಿ ಜುಲೈನಲ್ಲಿ ಗಲಭೆ ಆಗಿತ್ತು. ಅದಕ್ಕೆ ಇಲ್ಲಿರುವ ಈಶಾನ್ಯದವರ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ ಅಂತ ಎಸ್‌ಎಂಎಸ್ ಹರಿದಾಡಿತು. ಆಗಸ್ಟ್ 14ರಂದು ಮೈಸೂರಿನಲ್ಲಿ ಒಬ್ಬ ಟಿಬೆಟನ್ ಹುಡುಗನಿಗೆ ಚೂರಿ ಹಾಕಿದರು. ಈಶಾನ್ಯದವನು ಅಂದುಕೊಂಡು ಹೊಡೆದರು ಅಂತ ಎಲ್ಲ ಕಡೆ ಸುದ್ದಿ. ಬೆಂಗಳೂರಿಂದ ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ನಮ್ಮ ಹಾಸ್ಟೆಲ್‌ನಲ್ಲಿದ್ದ ಮಣಿಪುರದ ಗೆಳೆಯ ಟ್ರಂಕಿಗೆ ಬೀಗ ಹಾಕಿ ಕೀಲಿಕೈ ನನ್ನ ಕೈಗೆ ಕೊಟ್ಟು ಹೋದ. ತಡಿ ಅಂತ ಹೇಳಲು ನನಗೆ ಧೈರ್ಯ ಇರಲಿಲ್ಲ, ಹೇಳಿದ್ದರೂ ಅವನ ಅಮ್ಮ ಬಿಡುತ್ತಿರಲಿಲ್ಲ.

ಆ ಸಲ ಸರ್ಕಾರ ಮಾಡಿದ್ದು ಸರಿ ಅಂತ ನನ್ನ ನಂಬಿಕೆ. ಬಂದವರನ್ನು ಪ್ರಶ್ನಿಸಲಿಲ್ಲ. ವದಂತಿಯನ್ನು ಹಿಡಿದರು. 15 ದಿನ ಒಬ್ಬರು ಒಟ್ಟಿಗೆ 5ಕ್ಕಿಂತ ಜಾಸ್ತಿ ಎಸ್‌ಎಂಎಸ್ ಕಳಿಸುವಂತಿಲ್ಲ ಅಂತ ಮಾಡಿದರು. ಪೊಲೀಸರು ಈಶಾನ್ಯದವರು ಇರುವ ಬೀದಿಗಳಿಗೆ ಹೋಗಿ ಧೈರ್ಯ ಹೇಳಿದರು. ಭದ್ರತೆ ಅಂದರೆ ಆಗ ಬಂದವರಿಗೂ ಸೇರಿದ್ದಾಗಿತ್ತು. ಗೆಳೆಯ ತಿಂಗಳಾದ ಮೇಲೆ ಬಂದ, ಟ್ರಂಕು ತೆಗೆದುಕೊಂಡ, ಎಂಎ ಮುಗಿಸಿಯೇ ಹೋದ.

ಮೆಲ್ಬರ್ನ್_ಮೈಸೂರಿಗ

ಕುವೆಂಪುನಗರದವನು, ಈಗ ಆಸ್ಟ್ರೇಲಿಯಾದಲ್ಲಿದ್ದೇನೆ. ಇಲ್ಲಿಯದ್ದೂ ಕೇಳಿ.

2001ರ ಅಕ್ಟೋಬರ್‌ನಲ್ಲಿ ಚುನಾವಣೆ ಘೋಷಣೆಯಾದ ಮೇಲೆ ಇಲ್ಲಿನ ಸರ್ಕಾರ ಒಂದು ಸುದ್ದಿ ಕೊಟ್ಟಿತು. ಆಶ್ರಯ ಕೇಳಿಕೊಂಡು ದೋಣಿಯಲ್ಲಿ ಬರುತ್ತಿದ್ದವರು ತಮ್ಮ ಮಕ್ಕಳನ್ನೇ ಸಮುದ್ರಕ್ಕೆ ಎಸೆದರು, ಹಾಗಾದರೂ ನಮ್ಮ ನೌಕಾಪಡೆ ಹತ್ತಿಸಿಕೊಳ್ಳಲಿ ಅಂತ. ನೀರಿನಲ್ಲಿ ಮಕ್ಕಳಿರುವ ಫೋಟೋಗಳನ್ನೂ ಬಿಟ್ಟರು. ಇಂಥ ಜನ ನಮಗೆ ಬೇಕಾ ಅಂತ ಊರೆಲ್ಲ ಮಾತು. ನವೆಂಬರ್ 10ರಂದು ಮತದಾನ ಆಯಿತು, ಅದೇ ಸರ್ಕಾರ ಗೆದ್ದಿತು. ಮುಂದಿನ ವರ್ಷ ಸೆನೆಟ್ ಸಮಿತಿ ವಿಚಾರಣೆ ಮಾಡಿತು. ಯಾವ ಮಗುವನ್ನೂ ಯಾರೂ ಎಸೆದಿರಲಿಲ್ಲ. ಫೋಟೋ ಮರುದಿನದ್ದು, ದೋಣಿ ಮುಳುಗಿದಾಗ ನೌಕಾಪಡೆಯವರು ಜನರನ್ನು ಎತ್ತುತ್ತಿದ್ದದ್ದು. ನಿಜ ಹೊರಗೆ ಬರುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ದೋಣಿಯಲ್ಲಿ ಬಂದವರನ್ನು ನೌರು ದ್ವೀಪಕ್ಕೆ, ಪಪುವಾ ನ್ಯೂಗಿನಿಯ ಮಾನುಸ್‌ಗೆ ಸಾಗಿಸುವ ಪದ್ಧತಿ ಶುರುವಾಗಿತ್ತು. 2013ರಲ್ಲಿ ಮತ್ತೆ ಇಲ್ಲಿ ಸೈನ್ಯದ ಜನರಲ್ ಒಬ್ಬರನ್ನೇ ಮುಖ್ಯಸ್ಥರನ್ನಾಗಿ ಮಾಡಿ ದೋಣಿ ತಡೆಯುವ ಕಾರ್ಯಾಚರಣೆ ನಡೆಸಿದರು. ಎಷ್ಟು ದೋಣಿ ಬಂತು ಅಂತ ಪತ್ರಕರ್ತರು ಕೇಳಿದರೆ, ಕಾರ್ಯಾಚರಣೆಯ ವಿಷಯ, ಹೇಳುವ ಹಾಗಿಲ್ಲ ಅನ್ನುವ ಉತ್ತರ.

ನಾನು ವಿಮಾನದಲ್ಲಿ ಬಂದವನು, ವೀಸಾ ಇದ್ದವನು. ಆದರೆ ಟಿವಿಯಲ್ಲಿ ಇದೆಲ್ಲ ಬರುವ ದಿನಗಳಲ್ಲಿ ಟ್ರಾಮಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿಯುತ್ತೆ. ನನ್ನ ಕೈಯಲ್ಲಿ ವೀಸಾ ಇದೆಯೋ ಇಲ್ಲವೋ ಅಂತ ಯಾರೂ ಕೇಳಿ ದೂರ ಕೂರುವುದಿಲ್ಲ.

ಕೆಆರ್‌ಪೇಟೆ_ಹುಡುಗ

ಅಣ್ಣ, ನೀವು ಹೇಳಿದ್ದು ಓದಿ 2025ರ ಫೆಬ್ರವರಿ 5 ನೆನಪಾಯಿತು. ಅಮೆರಿಕದ ಮಿಲಿಟರಿ ವಿಮಾನ ಅಮೃತಸರಕ್ಕೆ ಬಂತು. 104 ಜನ ನಮ್ಮವರು. ಕೈಗೆ ಬೇಡಿ, ಕಾಲಿಗೆ ಸರಪಳಿ. ಹೊಲ ಮಾರಿ ಏಜೆಂಟನಿಗೆ ದುಡ್ಡು ಕೊಟ್ಟು ಹೋದವರು. ಇಡೀ ದೇಶಕ್ಕೆ ಬೇಜಾರಾಯಿತು, ಸಂಸತ್ತಿನಲ್ಲೂ ಗಲಾಟೆ ಆಯಿತು. ಅವರ ಕಾನೂನಿನ ಪ್ರಕಾರ ಅವರು ಅಕ್ರಮವಾಗಿಯೇ ಹೋದವರು. ಆದರೂ ಸರಪಳಿ ನೋಡಿ ನಮಗೆ ಹೊಟ್ಟೆ ಉರಿಯಿತು. ಉರಿಯಬೇಕಾದ್ದೇ.

ಬೆಂಗಳೂರಿನದ್ದೂ ಹೇಳುತ್ತೇನೆ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರು ಇದ್ದಾರೆ ಅಂತ ವಿಡಿಯೋ ಹರಿದಾಡಿತು. ಜೆಸಿಬಿ ತಂದು ಶೆಡ್ಡುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದಿಂದ ಬಂದ ನಮ್ಮವರೂ ಇದ್ದರು. ಅಸ್ಸಾಂ, ತ್ರಿಪುರಾದವರೂ ಇದ್ದರು. ವೋಟರ್ ಕಾರ್ಡ್ ತೋರಿಸಿಕೊಂಡು ನಿಂತರು, ಯಾರೂ ನೋಡಲಿಲ್ಲ. ಆಮೇಲೆ ಹೈಕೋರ್ಟ್ ಆ ಕ್ರಮ ಕಾನೂನುಬಾಹಿರ ಅಂತ ಹೇಳಿ ಪುನರ್ವಸತಿ ಮಾಡಿ ಅಂತು. ಅಷ್ಟರಲ್ಲಿ ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ಮಣ್ಣುಪಾಲು.

ಕನ್ನಡ_ಮೊದಲು_ಮಂಡ್ಯ

ನಿಮ್ಮೆಲ್ಲರ ಮಾತು ಕೇಳಿದೆ. ನನ್ನ ಸಿಟ್ಟು ಬೇರೆ. ನಂಜನಗೂಡು, ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಮಂಡ್ಯದ ಐಟಿಐ ಹುಡುಗನಿಗೆ ಕೆಲಸ ಸಿಗುವುದಿಲ್ಲ. ಗುತ್ತಿಗೆದಾರ ಹೊರಗಿನವರನ್ನು ಕರೆತರುತ್ತಾನೆ. ಯಾಕೆಂದರೆ ಅವರು ಶೆಡ್ಡಿನಲ್ಲೇ ಮಲಗುತ್ತಾರೆ, ಹನ್ನೆರಡು ಗಂಟೆ ದುಡಿಯುತ್ತಾರೆ, ರಜೆ ಕೇಳುವುದಿಲ್ಲ. ಸರೋಜಿನಿ ಮಹಿಷಿ ವರದಿ ಬಂದು ನಲವತ್ತು ವರ್ಷ ಆಯಿತು. ಸ್ಥಳೀಯರಿಗೆ ಕೆಲಸ ಅಂತ ಎಲ್ಲರೂ ಹೇಳುತ್ತಾರೆ, ಮಾಡುವವರಿಲ್ಲ. ಇದನ್ನು ಮಾತಾಡಿದರೆ ನಾವು ದ್ವೇಷ ಮಾಡುತ್ತೇವೆ ಅಂತೀರಿ.

ಮೇಲ್ಮನೆ_ಹೆಬ್ಬಾಳ

ಇಲ್ಲಪ್ಪ, ದ್ವೇಷ ಅನ್ನುವುದಿಲ್ಲ. ಇದು ನ್ಯಾಯವಾದ ಸಿಟ್ಟು. ನೀವೇ ಬರೆದಿದ್ದನ್ನು ಇನ್ನೊಮ್ಮೆ ಓದಿ. ಹನ್ನೆರಡು ಗಂಟೆ ದುಡಿತ, ಶೆಡ್ಡಿನಲ್ಲಿ ನಿದ್ದೆ, ರಜೆ ಇಲ್ಲ. ಇದನ್ನೆಲ್ಲ ನಿಲ್ಲಿಸುವ ಅಧಿಕಾರ ಇರುವುದು ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರಿಗೆ. ಬಂದವನಿಗೆ ಕಾನೂನು ಹೇಳಿದ ಕೂಲಿ, ಎಂಟು ಗಂಟೆ ಕೆಲಸ ಸಿಕ್ಕರೆ ಗುತ್ತಿಗೆದಾರನಿಗೆ ನಿಮ್ಮ ಐಟಿಐ ಹುಡುಗನನ್ನು ಬಿಟ್ಟು ದೂರದವನನ್ನು ಕರೆತರುವುದರಲ್ಲಿ ಲಾಭ ಉಳಿಯುವುದಿಲ್ಲ.

ಅದೇ ವಿಷಯವನ್ನು ಭದ್ರತೆ ಅಂತ ಮಾಡಿದರೆ ಏನಾಗುತ್ತೆ ನೋಡಿ. ಕೂಲಿಯವನು ಹೆದರುತ್ತಾನೆ. ಹೆದರಿದವನು ಕೂಲಿ ಕಮ್ಮಿ ಕೊಟ್ಟರೂ ಬಾಯಿ ಬಿಡುವುದಿಲ್ಲ, ಕೈ ಮುರಿದರೂ ಪರಿಹಾರ ಕೇಳುವುದಿಲ್ಲ. ನಮ್ಮ ಮೇಲ್ಮನೆಯ ಒಬ್ಬ ಹುಡುಗನ ಬೆರಳು ಕಟರ್‌ಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಕೆಲಸದ ಜಾಗದಲ್ಲಿ ಆಯಿತು ಅಂತ ಬರೆಸಲು ಹೆದರಿದ. ಮನೆಯಲ್ಲಿ ತರಕಾರಿ ಹೆಚ್ಚುವಾಗ ಅಂತ ಬರೆಸಿದ. ಗುತ್ತಿಗೆದಾರ ಒಂದು ಪೈಸೆ ಕೊಡಲಿಲ್ಲ. ಹೀಗೆ ಬಾಯಿ ಮುಚ್ಚಿಕೊಂಡು ದುಡಿಯುವ ಕೂಲಿಯವರೇ ಅಂಥ ಗುತ್ತಿಗೆದಾರನಿಗೆ ಬೇಕು. ನಿಮ್ಮ ಐಟಿಐ ಹುಡುಗ ಸೋಲುವುದು ಇಲ್ಲೇ.

ಗಡಿಯಲ್ಲಿದ್ದವನು

ಎಲ್ಲ ಓದಿದೆ. ಗಡಿಯ ಬಗ್ಗೆ ನಾನು ಹೇಳಿದ ಮಾತಿಗೆ ಈಗಲೂ ಬದ್ಧ. ಆದರೆ ಒಂದು ಸೇರಿಸುತ್ತೇನೆ.

ನಾನಿದ್ದ ಕಡೆ ರಾತ್ರಿ ಸಿಕ್ಕಿಬೀಳುತ್ತಿದ್ದವರು ಹೆಚ್ಚಾಗಿ ಕೂಲಿಯವರು, ಕಂಕುಳಲ್ಲಿ ಮಗು ಇಟ್ಟುಕೊಂಡ ಹೆಂಗಸರು. ದಾಟಿಸುವ ದಲಾಲ ಸಿಗುತ್ತಿದ್ದದ್ದು ಅಪರೂಪ. ಅವನು ಎರಡೂ ಕಡೆ ದುಡ್ಡು ತೆಗೆದುಕೊಂಡು ಮನೆಯಲ್ಲಿ ಮಲಗಿರುತ್ತಾನೆ. ಒಳಗೆ ಬಂದ ಮೇಲೆ ಸುಳ್ಳು ಕಾಗದ ಮಾಡಿಕೊಡುವವನು ಇನ್ನೊಬ್ಬ, ಅವನು ನಮ್ಮ ದೇಶದ ಪ್ರಜೆಯೇ. ಮೈಸೂರಿನಲ್ಲಿ ಕುಳಿತು ಕೂಲಿಯವರ ಬಾಗಿಲು ತಟ್ಟಿದರೆ ಇವರಿಬ್ಬರೂ ಸಿಗುವುದಿಲ್ಲ. ಅವರನ್ನು ಹಿಡಿಯಬೇಕಾದರೆ ಕೂಲಿಯವನು ಧೈರ್ಯವಾಗಿ ಬಂದು ಇಂಥವನೇ ಕರೆತಂದ ಅಂತ ಹೇಳಬೇಕು. ಠಾಣೆ ಅಂದರೆ ನಡುಗುವವನು ಹೇಳುತ್ತಾನಾ?

ಆ ಸೇನಾಧಿಕಾರಿಯ ವಿಷಯ ನನಗೆ ಗೊತ್ತಿತ್ತು ಮೇಡಂ. ನಮ್ಮ ನಿವೃತ್ತರ ಸಂಘದಲ್ಲಿ ಆ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಆಲೆಮನೆ_ಪಾಂಡವಪುರ

ವಕೀಲ ಮೇಡಂ, ನಾನು ಕೇಳಿದ್ದಕ್ಕೆ ಉತ್ತರ ಕೊಡಿ. ಈ ಸಲ ಬರುವವರನ್ನು ಎಲ್ಲಿ ಬರೆಸಲಿ?

ವಕೀಲೆ_ಸರಸ್ವತಿಪುರಂ

ಅಣ್ಣ, ಹೊರರಾಜ್ಯದ ಕಾರ್ಮಿಕರಿಗೆ ಅಂತ 1979ರಲ್ಲೇ ಕಾನೂನು ಬಂದಿತ್ತು. ಕರೆತರುವ ಮೇಸ್ತ್ರಿಗೆ ಲೈಸೆನ್ಸ್, ಕೂಲಿಯವನಿಗೆ ಫೋಟೋ ಇರುವ ಪಾಸ್‌ಬುಕ್, ಬಂದುಹೋಗುವ ಖರ್ಚು, ಇರಲು ಜಾಗ ಎಲ್ಲ ಅದರಲ್ಲಿತ್ತು. ಈಗ ಅದು ಹೊಸ ಕಾರ್ಮಿಕ ಸಂಹಿತೆಯ ಒಳಗೆ ಸೇರಿದೆ. ನಿಮಗೆ ಎಷ್ಟು ಅನ್ವಯಿಸುತ್ತೆ ಅನ್ನುವುದು ಜನರ ಸಂಖ್ಯೆಯ ಮೇಲೆ ನಿಂತಿದೆ. ಮಂಡ್ಯದಲ್ಲಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ನೀವಾಗೇ ಕೂಲಿ ಪುಸ್ತಕ ಇಡಿ. ಹೆಸರು, ಊರು, ಬಂದ ದಿನ, ಕೊಟ್ಟ ಕೂಲಿ, ಅವರ ಸಹಿ ಅಥವಾ ಹೆಬ್ಬೆಟ್ಟು. ಎಲ್ಲರನ್ನೂ ಇ-ಶ್ರಮ್‌ನಲ್ಲಿ, ಅಂದರೆ ಅಸಂಘಟಿತ ಕಾರ್ಮಿಕರಿಗೆ ಅಂತ ಕೇಂದ್ರ ಸರ್ಕಾರ ಮಾಡಿದ ಜಾಲತಾಣದಲ್ಲಿ, ನೋಂದಾಯಿಸಿ, ದುಡ್ಡು ಕೊಡಬೇಕಾಗಿಲ್ಲ. ಅವರ ಊರಿನ ರೇಷನ್ ಕಾರ್ಡಿನಲ್ಲೇ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಅವರ ಪಾಲಿನ ಅಕ್ಕಿ ಸಿಗುತ್ತೆ, ಅದನ್ನೂ ಹೇಳಿಕೊಡಿ.

ಠಾಣೆಗೆ ಮಾಹಿತಿ ಕೊಡುವುದಾದರೆ ಕೊಡಿ, ಅದರಲ್ಲಿ ತಪ್ಪಿಲ್ಲ. ಆದರೆ ಯಾರ ಮೂಲ ಕಾಗದವನ್ನೂ ನೀವು ಇಟ್ಟುಕೊಳ್ಳಬೇಡಿ. ಆಧಾರ್ ಪೌರತ್ವಕ್ಕೆ ಪುರಾವೆ ಅಲ್ಲ. ಅದು ಇಲ್ಲ ಅಂದ ಮಾತ್ರಕ್ಕೆ ವಿದೇಶಿಯೂ ಆಗುವುದಿಲ್ಲ. ಯಾರು ಯಾವ ದೇಶದವರು ಅಂತ ತೀರ್ಮಾನ ಮಾಡುವ ಕೆಲಸ ಆಲೆಮನೆಯವರದೂ ಅಲ್ಲ, ಮನೆ ಮಾಲೀಕರದೂ ಅಲ್ಲ.

ಆಲೆಮನೆ_ಪಾಂಡವಪುರ

ಸರಿ ಮೇಡಂ, ಸೋಮವಾರ ಮಂಡ್ಯಕ್ಕೆ ಹೋಗುತ್ತೇನೆ. ನಮ್ಮ ಸುತ್ತಮುತ್ತ ಆಲೆಮನೆ ಇಟ್ಟಿರುವ ಇನ್ನೂ ಕೆಲವರು ಇದನ್ನೇ ಕೇಳುತ್ತಿದ್ದಾರೆ, ಅವರನ್ನೂ ಕರೆದುಕೊಂಡು ಹೋಗುತ್ತೇನೆ.

ಗಡಿಯಲ್ಲಿದ್ದವನು

ನಾನೂ ಬರುತ್ತೇನೆ. ನನಗೆ ಹಿಂದಿ, ಬಂಗಾಳಿ ಎರಡೂ ಬರುತ್ತೆ, ಕೂಲಿ ಪುಸ್ತಕದಲ್ಲಿ ಊರಿನ ಹೆಸರು, ಠಾಣೆ, ಅಂಚೆ ಎಲ್ಲ ಸರಿಯಾಗಿ ಬರೆಸಿಕೊಡಬಹುದು. ಎಷ್ಟು ಗಂಟೆಗೆ ಅಂತ ಹೇಳಿ, ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತೇನೆ.